ಚೀಟಿಯಲ್ಲಿ ತೀರಿಕೊಂಡ ಗಂಡ

ಜನವರಿ 9

ಬರೆಯುವ ಮೇಡಂ ಅವರಿಗೆ ನಮಸ್ಕಾರ.

ನಾನು ಜೊಂಡಿನ ಬುಟ್ಟಿ ಹೆಣೆಯುವವಳು. ಒಂಬತ್ತು ವರ್ಷದ ಹಿಂದೆ ನೀವು ನಮ್ಮ ಹೆಣಿಗೆ ಶೆಡ್ಡಿಗೆ ಬಂದು, ಒಂದು ಮಧ್ಯಾಹ್ನ ಕೂತು ಮಾತಾಡಿ, ನನ್ನ ಫೋಟೋ ತೆಗೆದುಕೊಂಡು ಹೋಗಿದ್ದಿರಿ. ನೆನಪಿಲ್ಲದಿದ್ದರೆ ತಪ್ಪಿಲ್ಲ, ನೀವು ಹತ್ತಾರು ಕಡೆ ಓಡಾಡುವವರು. ಎಡಗೈ ತೋರುಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದವಳು ಎಂದರೆ ಹೊಳೆಯಬಹುದು.

ಹೋದ ವಾರ ಹೊರದೇಶದಿಂದ ನಮ್ಮ ಮಾಲಿನ ಒಂದು ಪೆಟ್ಟಿಗೆ ವಾಪಸ್ ಬಂತು. ಹಡಗಿನಲ್ಲಿ ನೀರು ತಾಗಿ ಬುಟ್ಟಿಗಳಿಗೆ ಬೂಷ್ಟು ಹಿಡಿದಿತ್ತು. ಬಿಚ್ಚಿ ನೋಡಿದರೆ ಪ್ರತಿ ಹಿಡಿಗೂ ದಾರ ಪೋಣಿಸಿದ ಒಂದು ದಪ್ಪ ಚೀಟಿ, ಚೀಟಿಯ ಮೇಲೆ ನನ್ನ ಮುಖ. ಅವನ್ನು ಬಂದರಿನ ಗೋದಾಮಿನಲ್ಲಿ ಕಟ್ಟುತ್ತಾರಂತೆ. ನಾವು ಯಾರೂ ಇದುವರೆಗೆ ಕಂಡೇ ಇರಲಿಲ್ಲ. ಬೇರೆ ಭಾಷೆಯಲ್ಲಿತ್ತು, ಹಾಗಾಗಿ ಶಾಲೆಯ ಟೀಚರನ್ನು ಕರೆಸಿ ಓದಿಸಿದೆವು. ಅವರು ಓದಿ ಹೇಳಿದ್ದು ಇಷ್ಟು: “ನದಿಯ ನೆರೆ ಈಕೆಯ ಗಂಡನನ್ನು ಕೊಂಡೊಯ್ದಿತು. ಮಡಿಲಲ್ಲಿ ಇಬ್ಬರು ಮಕ್ಕಳು, ಒಲೆಯಲ್ಲಿ ಬೆಂಕಿಯಿಲ್ಲ. ಇಂದು ಬುಟ್ಟಿಯೇ ಈಕೆಯ ಸಂಗಾತಿ. ನೀವು ಇದನ್ನು ಕೊಂಡರೆ ಈಕೆಯ ಕಣ್ಣೀರು ಒರೆಸಿದಂತೆ.”

ಗಂಡ ಎದುರಿಗೇ ಕೂತು ಜೊಂಡು ಸೀಳುತ್ತಿದ್ದರು. ಟೀಚರು ಓದಿ ಮುಗಿಸಿ ಅವರ ಮುಖ ನೋಡಿದರು. ನಮ್ಮವರು ಒಮ್ಮೆ ತಮ್ಮ ಮೊಣಕಾಲು ಮುಟ್ಟಿ ನೋಡಿಕೊಂಡು, “ಯಾವ ನೆರೆಯಂತೆ? ನಂಗೆ ಈಜು ಬರುತ್ತಲ್ಲ” ಅಂದರು.

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ನಗು ನಿಂತ ಮೇಲೆ ನನಗೆ ಒಂದೊಂದೇ ಹೊಳೆಯತೊಡಗಿತು. ಹೊರದೇಶದ ವ್ಯಾಪಾರಿಗಳು ಶೆಡ್ಡು ನೋಡಲು ಬಂದಾಗಲೆಲ್ಲ ನಮ್ಮ ಮಾಲು ಕೊಂಡು ಹೊರದೇಶಕ್ಕೆ ಕಳಿಸುವ ಸಂಸ್ಥೆಯ ಮೇಲ್ವಿಚಾರಕರು ನಮ್ಮವರನ್ನು ಪೇಟೆಗೆ ಕಳಿಸುತ್ತಿದ್ದರು, ಬೋಲ್ಟು ತನ್ನಿ ಎಂದು. ಒಂಬತ್ತು ವರ್ಷದಲ್ಲಿ ಒಂದು ಡಬ್ಬಿ ತುಂಬ ಬೋಲ್ಟುಗಳಾಗಿವೆ. ಅವು ಕೂರುವಂಥ ಯಂತ್ರವೇ ನಮ್ಮಲ್ಲಿಲ್ಲ. ಬಂದ ಹೆಂಗಸರು ನನ್ನ ಕೈ ಹಿಡಿದುಕೊಂಡು ಬಿಡುತ್ತಲೇ ಇರಲಿಲ್ಲ. ಒಬ್ಬರಂತೂ ತಬ್ಬಿಕೊಂಡು ಅತ್ತೇಬಿಟ್ಟರು. ಆ ದೇಶದವರದು ಮೆತ್ತನೆ ಮನಸ್ಸು ಎಂದುಕೊಂಡಿದ್ದೆ.

ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಅಚ್ಚಾದ ಮಾತಿಗೆ ಬರೆದೇ ಉತ್ತರ ಕೇಳಬೇಕೆಂದು ಕಚೇರಿಯಿಂದ ನಿಮ್ಮ ವಿಳಾಸ ಪಡೆದು ಬರೆಯುತ್ತಿದ್ದೇನೆ. ನನಗೆ ಜಗಳ ಬೇಡ. ನಮ್ಮವರನ್ನು ಬದುಕಿಸಿಕೊಡಿ, ಸಾಕು.

ಇಂತಿ,
ಬುಟ್ಟಿ ಹೆಣೆಯುವವಳು


ಜನವರಿ 27

ಮಾನ್ಯರೇ,

ನಿಮ್ಮ ಪತ್ರ ತಲುಪಿತು. ಆದ ಪ್ರಮಾದಕ್ಕೆ ವಿಷಾದಿಸುತ್ತೇನೆ. ನಾನು ಸಂಸ್ಥೆಯ ನೌಕರಳಲ್ಲ. ನ್ಯಾಯದ ವ್ಯಾಪಾರ ಮಾಡುವ ಸಂಸ್ಥೆಗಳು, ನೀರು, ಶಾಲೆ, ಆರೋಗ್ಯ ಎಂದು ಕೆಲಸ ಮಾಡುವ ಸಂಸ್ಥೆಗಳು ಕರೆದಾಗ ಹೋಗಿ, ಬೇಕಾದ್ದನ್ನು ಬರೆದುಕೊಟ್ಟು ಬರುವ ಸ್ವತಂತ್ರ ಬರಹಗಾರ್ತಿ. ಅದೇ ಶೆಡ್ಡಿನಲ್ಲಿ ಬುಟ್ಟಿಯ ಒಳಬಟ್ಟೆ ಹೊಲಿಯುವ ಒಬ್ಬರನ್ನು ಆ ದಿನವೇ ಮಾತಾಡಿಸಿದ್ದೆ. ಅವರ ಪತಿ ನೆರೆಯಲ್ಲಿ ತೀರಿಕೊಂಡಿದ್ದರು. ಟಿಪ್ಪಣಿ ಪುಸ್ತಕದ ಎರಡು ಪುಟ ಅಂಟಿಕೊಂಡು ಅವರ ಕಥೆ ನಿಮ್ಮ ಚಿತ್ರದ ಕೆಳಗೆ ಬಂದಿರಬೇಕು.

ಮುಂದಿನ ಮುದ್ರಣದಲ್ಲಿ ಸರಿಪಡಿಸುವಂತೆ ಸಂಸ್ಥೆಗೆ ತಿಳಿಸುತ್ತೇನೆ. ಅಲ್ಲಿಯವರೆಗೆ ವಿಷಯ ನಮ್ಮಿಬ್ಬರಲ್ಲೇ ಇದ್ದರೆ ಉಪಕಾರ. ಸಂಸ್ಥೆಯ ಇಪ್ಪತ್ತೈದನೆಯ ವರ್ಷದ ಪುಸ್ತಕ ಬರೆಯುವ ಕೆಲಸ ನನಗೆ ಸಿಕ್ಕಿದೆ. ಇಷ್ಟು ದೊಡ್ಡ ಕೆಲಸ ಇದೇ ಮೊದಲು. ಪುಸ್ತಕದ ಮೊದಲ ಪುಟದಲ್ಲಿ ಇರುವುದು ಈ ಚೀಟಿಯೇ.

ವಿಶ್ವಾಸಿ,
ಬರಹಗಾರ್ತಿ


ಫೆಬ್ರವರಿ 12

ಮೇಡಂ ಅವರಿಗೆ,

ಪುಟಗಳು ಅಂಟಿಕೊಳ್ಳುವುದುಂಟು. ಒದ್ದೆಯಾದರೆ ಜೊಂಡೂ ಅಂಟಿಕೊಳ್ಳುತ್ತದೆ.

ನಿಮ್ಮ ಪತ್ರವನ್ನು ನಮ್ಮವರಿಗೆ ಓದಿ ಹೇಳಿದೆ. ಅವರಿಗೆ ನಿಮ್ಮ ನೆನಪು ಚೆನ್ನಾಗಿದೆ. ಆ ದಿನ ಚಹಾ ಮಾಡಿಕೊಟ್ಟವರು ಅವರೇ ಅಲ್ಲವೇ. ನೀವು ಒಂದು ಗುಟುಕು ಕುಡಿದು ಸಕ್ಕರೆ ಬೇಡವಾಗಿತ್ತು ಅಂದಿರಿ. ಅವರು ಲೋಟ ಒಳಗೆ ಒಯ್ದು ಸಕ್ಕರೆಯಿಲ್ಲದೆ ಬೇರೆ ಮಾಡಿ ತಂದರು. ನೀವು ನನ್ನ ಕಡೆ ತಿರುಗಿ, “ನಿಮ್ಮ ಯಜಮಾನ್ರು ಒಳ್ಳೆಯವರು” ಅಂದಿರಿ. ಆ ಮಾತು ಅವರಿಗೆ ಇವತ್ತಿಗೂ ಬಾಯಿಪಾಠ. ನನಗೆ ಸಿಟ್ಟು ಬಂದಾಗಲೆಲ್ಲ ಅದನ್ನೇ ಮುಂದಿಡುತ್ತಾರೆ.

ನೀವು ಹೇಳಿದ ಒಳಬಟ್ಟೆ ಹೊಲಿಯುವವಳು, ನಮ್ಮ ಹೊಲಿಗೆಯಮ್ಮ, ಚೀಟಿಯನ್ನು ಕೇಳಿ ಇಸಿದುಕೊಂಡಳು. ನಾಲ್ಕಾಗಿ ಮಡಚಿ ಸೂಜಿ ಡಬ್ಬಿಯೊಳಗೆ ಇಟ್ಟುಕೊಂಡಳು. ಎರಡು ದಿನ ಕೆಲಸಕ್ಕೆ ಬರಲಿಲ್ಲ.

ಇಂತಿ,
ಬುಟ್ಟಿ ಹೆಣೆಯುವವಳು


ಏಪ್ರಿಲ್ 3

ಅಕ್ಕ,

ಹಾಗೆ ಕರೆಯುವ ಹಕ್ಕು ನನಗಿದೆಯೋ ಇಲ್ಲವೋ ಗೊತ್ತಿಲ್ಲ. ಸಕ್ಕರೆಯಿಲ್ಲದ ಚಹಾದ ಸಾಲು ಓದಿದ ಮೇಲೆ ನಾಲ್ಕು ಸಲ ಉತ್ತರ ಬರೆದು ಹರಿದುಹಾಕಿದೆ.

ಪುಟಗಳು ಅಂಟಿಕೊಂಡಿರಲಿಲ್ಲ.

ಆಗ ನಾನು ಒಂದು ಕಚೇರಿಯ ಕೆಲಸ ಬಿಟ್ಟು ಬರವಣಿಗೆಗೆ ಇಳಿದು ಮೂರು ತಿಂಗಳಾಗಿತ್ತು. ಮನೆಯವರೆಲ್ಲ, ಇವಳಿಗೆ ತಲೆ ಕೆಟ್ಟಿದೆ ಎಂದು ತೀರ್ಮಾನಿಸಿದ್ದರು. ಮೊದಲ ಕೆಲಸವೇ ನಿಮ್ಮ ಚೀಟಿ. ಮಾರಾಟ ವಿಭಾಗದ ಮುಖ್ಯಸ್ಥರು, “ಅರವತ್ತೇ ಪದ. ಓದಿದವರ ಕಣ್ಣು ಒದ್ದೆ ಆಗ್ಬೇಕು” ಅಂದಿದ್ದರು. ನೀವು ಒಂದು ಗಂಟೆ ಮುಚ್ಚಳದ ಬಗ್ಗೆಯೇ ಮಾತಾಡಿದಿರಿ. ಗಾಳಿಗೆ ಹಾರದ, ಎತ್ತಿದರೆ ಜಾರದ ಮುಚ್ಚಳ, ಅದನ್ನು ಕಂಡುಹಿಡಿಯಲು ನೀವು ಹಾಳುಮಾಡಿದ ಜೊಂಡಿನ ರಾಶಿ. ನಾನು ಮೇಲೆ ಹೂಂಗುಟ್ಟುತ್ತ ಒಳಗೆ ಚಡಪಡಿಸುತ್ತಿದ್ದೆ, ಈ ಹೆಂಗಸಿಗೆ ಒಂದು ದುಃಖವೂ ಇಲ್ಲವೇ ಎಂದು. ಹೊಲಿಗೆಯಮ್ಮನವರ ಬಳಿ ದುಃಖವಿತ್ತು, ಆದರೆ ಅವರ ಫೋಟೋ ಮಸುಕಾಗಿ ಬಂದಿತ್ತು. ನಿಮ್ಮದು ಚೆನ್ನಾಗಿ ಬಂದಿತ್ತು. ಅಷ್ಟೇ ಕಾರಣ, ಅಕ್ಕ. ಅದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ಹೇಳಿಕೊಳ್ಳಲು ಎಷ್ಟೋ ಹಗುರವಾಗುತ್ತಿತ್ತು.

ಆ ಚೀಟಿಗೆ ಬಹುಮಾನ ಬಂತು. ಹೊಸದಾಗಿ ಬರೆಯುವವರಿಗೆ ಅದನ್ನೇ ಮಾದರಿಯಾಗಿ ಕೊಡುತ್ತಾರೆ. ಒಂದು ಮುದ್ರಣಾಲಯದ ಮೇಲಿನ ಕೋಣೆಯಲ್ಲಿ ನನ್ನ ವಾಸ. ಮೇಜಿನೆದುರಿನ ಗೋಡೆಯಲ್ಲಿ ಆ ಪ್ರಶಸ್ತಿಪತ್ರ ಕಟ್ಟುಹಾಕಿಸಿ ತೂಗುಹಾಕಿದ್ದೇನೆ. ಕೆಳಗೆ ಯಂತ್ರ ಓಡುವಾಗಲೆಲ್ಲ ಅದು ಗೋಡೆಗೆ ಟಕಟಕ ಬಡಿಯುತ್ತದೆ. ಒಂಬತ್ತು ವರ್ಷ ಆ ಸದ್ದು ನನಗೆ ಹಿತವಾಗಿಯೇ ಕೇಳಿತ್ತು. ಈಗ ಕೂರಲು ಬಿಡುತ್ತಿಲ್ಲ.

ಇವತ್ತು ಸಂಸ್ಥೆಯ ನಿರ್ದೇಶಕರಿಗೆ ಎಲ್ಲ ಬರೆದು ಕಳಿಸಿದ್ದೇನೆ. ಪ್ರತಿ ಇದರೊಂದಿಗಿದೆ. ಪುಸ್ತಕ ಕೈತಪ್ಪುತ್ತದೆ. ಬೇರೆ ಸಂಸ್ಥೆಗಳ ಬಾಗಿಲೂ ಮುಚ್ಚಬಹುದು. ಹೆದರಿಕೆಯಾಗಿದೆ. ಆದರೆ ನಿಮ್ಮ ಯಜಮಾನರು ಕೊಟ್ಟ ಚಹಾ ಕುಡಿದು, ಮನೆಗೆ ಬಂದು ಅವರನ್ನು ಮುಳುಗಿಸಿದವಳು ನಾನು. ಇದನ್ನು ಇನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾರೆ.

ತಪ್ಪಿತಸ್ಥೆ,
ಬರಹಗಾರ್ತಿ


ಏಪ್ರಿಲ್ 20

ತಂಗಿ,

ನೀನು ಅಕ್ಕ ಅಂದಮೇಲೆ ನಾನಿನ್ನು ಮೇಡಂ ಅನ್ನಲಾರೆ. ಸಿಟ್ಟು ಹೋಗಿದೆ ಎಂದು ತಿಳಿಯಬೇಡ, ಹೋಗಿಲ್ಲ. ಮೇಡಂಗಳ ಮೇಲೆ ಸಿಟ್ಟು ಮಾಡುವುದು ಕಷ್ಟ, ತಂಗಿಯಾದರೆ ಸಲೀಸು.

ಪತ್ರವನ್ನು ನಮ್ಮವರು ಎರಡು ಸಲ ಓದಿಸಿಕೊಂಡರು. ಆಮೇಲೆ, “ಕೆಲಸ ಹೋಗುತ್ತೆ ಅಂತ ಗೊತ್ತಿದ್ದೂ ಬರೆದಿದ್ದಾಳಲ್ಲ, ಧೈರ್ಯ ಇದೆ” ಅಂದರು. ತನ್ನನ್ನು ಕೊಂದವಳ ಪರ ಇಷ್ಟು ವಾದಿಸುವ ಗಂಡಸನ್ನು ನಾನು ಕಂಡಿಲ್ಲ.

ಹೊಲಿಗೆಯಮ್ಮನಿಗೂ ಓದಿದೆ. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. “ಅವಳು ಕೇಳಿದ್ಳು, ಮನಸ್ಸು ತುಂಬಿ ಬಂತು, ಹೇಳ್ದೆ. ಬುಟ್ಟಿ ಮಾರೋಕೆ ಅಂತ ಹೇಳಿದ್ದಲ್ಲ. ನನ್ನ ಗಂಡ ಸತ್ತಿದ್ದನ್ನ ಬೇರೆಯವ್ರ ಮುಖಕ್ಕೆ ಅಂಟಿಸಿದ್ಳಲ್ಲ, ಅವನಿಗೆ ಅಂತ ಒಂದು ಸಾವೂ ಉಳೀಲಿಲ್ಲ.”

ಇದಕ್ಕೆ ಪತ್ರದಲ್ಲಿ ಉತ್ತರ ಬರೆಯಬೇಡ. ಬಂದು ಅವಳ ಎದುರು ಕೂರು. ಕ್ಯಾಮೆರಾ ತರಬೇಡ.

ಇಂತಿ,
ಬುಟ್ಟಿಯಕ್ಕ


ಮೇ 15

ಅಕ್ಕ,

ಹೊಲಿಗೆಯಮ್ಮನವರ ಮಾತನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಜೂನ್ ಎರಡನೆಯ ವಾರ ಬರುತ್ತೇನೆ, ಬರಿಗೈಯಲ್ಲಿ.

ಪುಸ್ತಕ ಕೈತಪ್ಪಿತು. ನಿರ್ದೇಶಕರು ಒಳ್ಳೆಯ ಮಾತಿನಲ್ಲೇ ಹೇಳಿದರು. ಮಾರಾಟ ಮುಖ್ಯಸ್ಥರು ಮಾತ್ರ ಮೇಜು ಕುಟ್ಟಿದರು. “ಗಂಡ ಬದುಕಿದ್ರೆ ಯಾರು ಕೊಳ್ತಾರೆ? ಕಣ್ಣೀರು ಮಾರುತ್ತೆ, ಮುಚ್ಚಳ ಮಾರಲ್ಲ” ಅಂದರು. ಹೊಸ ಚೀಟಿಯ ವಿಚಾರ ಮುಂದೆ ನೋಡೋಣ ಎಂದು ಕಡತ ಮುಚ್ಚಿದರು. ಇನ್ನೆರಡು ಸಂಸ್ಥೆಗಳೂ ಒಪ್ಪಿಸಿದ್ದ ಕೆಲಸ ಹಿಂದಕ್ಕೆ ಪಡೆದವು. ಸುದ್ದಿಗೆ ಕಾಲು ಜಾಸ್ತಿ.

ಸದ್ಯ ನೀರೆತ್ತುವ ಪಂಪಿನ ಕೈಪಿಡಿ ಬರೆಯುತ್ತಿದ್ದೇನೆ. ಪಂಪಿಗೆ ಗಂಡನಿಲ್ಲ, ಕಣ್ಣೀರಿಲ್ಲ. ಹೇಗಿದೆಯೋ ಹಾಗೆ ಬರೆದರೆ ಮುಗಿಯಿತು. ಈ ನೆಮ್ಮದಿ ನನಗೆ ಮೊದಲೇ ಸಿಕ್ಕಿದ್ದರೆ ಚೆನ್ನಾಗಿತ್ತು.

ಒಂದು ವಿಷಯ. ಸೆಪ್ಟೆಂಬರಿನಲ್ಲಿ ಸಂಸ್ಥೆಯ ವ್ಯಾಪಾರ ಮೇಳವಿದೆ. ಹೊರದೇಶದ ಕೊಳ್ಳುವವರೆಲ್ಲ ಬರುತ್ತಾರೆ. ತಯಾರಿಸುವ ಗುಂಪು ತನ್ನದೇ ಮಳಿಗೆ ಹಾಕಬಹುದು, ತನ್ನ ಮಾಲಿಗೆ ತಾನೇ ಚೀಟಿ ಕಟ್ಟಬಹುದು ಎಂದು ನಿಯಮದಲ್ಲೇ ಇದೆ. ಇದುವರೆಗೆ ಯಾರೂ ಹಾಕಿಲ್ಲ, ಯಾಕೆಂದರೆ ಯಾರಿಗೂ ಹೇಳಿಲ್ಲ. ನಿಯಮಾವಳಿಯನ್ನು ಬರೆದವಳು ನಾನೇ, ಆದ್ದರಿಂದ ಬಲ್ಲೆ.

ನಿಮ್ಮ ತಂಗಿ


ಜೂನ್ 24

ತಂಗಿ,

ಕ್ಷೇಮವಾಗಿ ತಲುಪಿದೆಯಾ? ನಿನ್ನ ಕನ್ನಡಕದ ಡಬ್ಬಿ ಇಲ್ಲೇ ಉಳಿದಿದೆ.

ನೀನೂ ಹೊಲಿಗೆಯಮ್ಮನೂ ಶೆಡ್ಡಿನ ಹಿಂದೆ ಕೂತು ಏನು ಮಾತಾಡಿದಿರೋ ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ನೀನು ಹೋದ ಮೇಲೆ ಸೂಜಿ ಡಬ್ಬಿಯಿಂದ ಆ ಚೀಟಿ ತೆಗೆದು ಒಲೆಗೆ ಹಾಕಿ, ಅದೇ ಬೆಂಕಿಯಲ್ಲಿ ಎಲ್ಲರಿಗೂ ಚಹಾ ಮಾಡಿದಳು.

ಹೊಸ ಚೀಟಿ ಬರೆಯಲು ನೀನು ಪಟ್ಟ ಪಾಡು ನೆನೆದರೆ ಈಗಲೂ ನಗು ಬರುತ್ತದೆ. ಮೊದಲ ಸಲ ನೀನು, “ಬಡತನವನ್ನು ಮೆಟ್ಟಿ ನಿಂತ ದಿಟ್ಟೆ” ಅಂತ ಓದಿದೆ. ನಾನು ಬುಟ್ಟಿ ಬೋರಲು ಹಾಕಿ ಅದರ ಮೇಲೆ ನಿಂತು, “ಇದರ ಮೇಲೆ ನಿಂತಿದ್ದೀನಿ, ಹೀಗೇ ಬರಿ” ಅಂದೆ. ಎರಡನೆಯ ಸಲ ಓದಿದೆ, ನಮ್ಮವರು ಆಕಳಿಸಿದರು. ಮೂರನೆಯ ಸಲ ಓದಿದಾಗ ಶೆಡ್ಡಿನಲ್ಲಿ ಎಲ್ಲರ ಕೈಯೂ ನಿಂತಿತ್ತು. ಹೂಂ ಅಂದೆ. ನಾನು ಹೂಂ ಅನ್ನುವವರೆಗೆ ನೀನು ಪೆನ್ನಿನ ಮುಚ್ಚಳ ಹಾಕಲೇ ಇಲ್ಲ. ಅದು ನನಗೆ ಹಿಡಿಸಿತು.

ಮೇಳದಲ್ಲಿ ಮಳಿಗೆ ಹಾಕುವುದೆಂದು ತೀರ್ಮಾನಿಸಿದ್ದೇವೆ, ನಿನ್ನ ಕೋಣೆಯ ಕೆಳಗಿನ ಮುದ್ರಣಾಲಯದಲ್ಲಿ ಐನೂರು ಹಾಕಿಸು. ಪದ ಒಂದೂ ಬದಲಿಸಬೇಡ. ಮರೆತಿದ್ದರೆ ಇರಲಿ ಎಂದು ಬರೆಯುತ್ತೇನೆ:

“ಈ ಬುಟ್ಟಿ ಹೆಣೆದವಳು ನಾನು. ಇಪ್ಪತ್ತಾರು ವರ್ಷದಿಂದ ಹೆಣೆಯುತ್ತಿದ್ದೇನೆ. ಈ ಮುಚ್ಚಳ ಜಾರುವುದಿಲ್ಲ, ಆ ಹೆಣಿಗೆ ನಾನೇ ಕಂಡುಹಿಡಿದದ್ದು. ಬುಟ್ಟಿಯನ್ನು ಬೋರಲು ಹಾಕಿ ಮೇಲೆ ನಿಂತು ನೋಡಿ, ಏನೂ ಆಗದು. ಜೊಂಡು ಕೊಯ್ದು ತರುವವರು ನನ್ನ ಗಂಡ. ಅವರು ಬದುಕಿದ್ದಾರೆ.”

ಅದರ ಕೆಳಗೆ ಹೊಲಿಗೆಯಮ್ಮನ ಸಾಲು: “ಒಳಗಿನ ಹೊಲಿಗೆ ನನ್ನದು. ಉಳಿದದ್ದು ಮಾರಾಟಕ್ಕಿಲ್ಲ.”

ಇಂತಿ,
ಬುಟ್ಟಿಯಕ್ಕ


ಸೆಪ್ಟೆಂಬರ್ 18

ತಂಗಿ,

ಸಂಸ್ಥೆಯವರು ನಿನ್ನನ್ನು ಮೇಳಕ್ಕೆ ಕರೆಯಲಿಲ್ಲವಲ್ಲ, ಆ ಕಿಚ್ಚಿಗೇ ಎಲ್ಲವನ್ನೂ ಬಿಡದೆ ಬರೆಯುತ್ತೇನೆ. ನೀನು ಅಲ್ಲೇ ಇದ್ದಂತೆ ಆಗಬೇಕು.

ನಮಗೆ ಕೊಟ್ಟ ಮಳಿಗೆ ಮೂಲೆಯಲ್ಲಿತ್ತು, ಕೈತೊಳೆಯುವ ಜಾಗದ ಪಕ್ಕ. ಮೇಜಿನ ಕಾಲುಗಳು ಲಟಲಟ ಅಲ್ಲಾಡುತ್ತಿದ್ದವು. ನಮ್ಮವರು ಚೀಲದಿಂದ ಬೋಲ್ಟಿನ ಡಬ್ಬಿ ತೆಗೆದರು. ಒಂಬತ್ತು ವರ್ಷದ ಬೋಲ್ಟುಗಳು ಒಂದೊಂದಾಗಿ ಕೂತವು. ಮೇಜು ಬಂಡೆಯಂತಾಯಿತು. ನಮ್ಮ ಮೇಲ್ವಿಚಾರಕರು ಅದನ್ನು ನೋಡಿ ಬೇರೆ ಕಡೆ ತಿರುಗಿಕೊಂಡರು.

ಬೆಳಿಗ್ಗೆ ಯಾರೂ ಬರಲಿಲ್ಲ. ಮಾರಾಟ ಮುಖ್ಯಸ್ಥರು ಎರಡು ಸಲ ಹಾದುಹೋಗಿ ಚೀಟಿ ಓದಿ ಮೂಗು ಮುರಿದರು. ನಾನು ಜೋಡಿಸಿದ ಬುಟ್ಟಿಗಳನ್ನೇ ಮತ್ತೆ ಮತ್ತೆ ಜೋಡಿಸುತ್ತಿದ್ದೆ. ಇಲ್ಲಿ ಮಾರಾಟವಾಗದಿದ್ದರೆ ನಮ್ಮ ಶೆಡ್ಡಿನಲ್ಲಿ ದುಡಿಯುವ ನಲವತ್ತು ಮನೆಯವರಿಗೆ ನಾನು ಏನು ಹೇಳಲಿ? ಅಷ್ಟು ಹೊತ್ತಿಗೆ ಆ ಹೆಂಗಸು ಬಂದರು, ಹಿಂದೆ ನನ್ನನ್ನು ತಬ್ಬಿಕೊಂಡು ಅತ್ತಿದ್ದರಲ್ಲ, ಅವರೇ. ಏಳು ಅಂಗಡಿಗಳ ಒಡತಿಯಂತೆ. ನನ್ನನ್ನು ಕಂಡು ಮುಖ ಅರಳಿತು. ಪಕ್ಕದಲ್ಲಿ ನಮ್ಮವರನ್ನು ಕಂಡು ಗೊಂದಲವಾಯಿತು. ದುಭಾಷಿಯ ಕಿವಿಯಲ್ಲಿ ಏನೋ ಕೇಳಿದರು. ದುಭಾಷಿ ಸಂಕೋಚದಿಂದ, “ನಿಮಗೆ ಮರುಮದುವೆ ಆಯ್ತಾ ಅಂತ ಕೇಳ್ತಿದ್ದಾರೆ” ಅಂದ.

“ಇಲ್ಲ, ಇವರು ಅದೇ ಹಳೆಯವರು” ಅಂದೆ.

ಆಮೇಲೆ ಎಲ್ಲ ಹೇಳಿದೆ. ಚೀಟಿ, ನೆರೆ, ಬೋಲ್ಟು, ನಿನ್ನ ಪತ್ರ, ಏನನ್ನೂ ಬಿಡಲಿಲ್ಲ. ಅವರ ಮುಖ ಕೆಂಪಾಯಿತು. ಮಾರಾಟ ಮುಖ್ಯಸ್ಥರು ಓಡಿ ಬಂದು ಮಧ್ಯೆ ಬಾಯಿ ಹಾಕಲು ನೋಡಿದರು. ಆ ಹೆಂಗಸು ಅವರನ್ನು ಕೈಯಲ್ಲೇ ತಡೆದು, ಹೊಸ ಚೀಟಿಯನ್ನು ದುಭಾಷಿಯಿಂದ ಕೊನೆಯವರೆಗೂ ಓದಿಸಿಕೊಂಡರು. ಓದಿಸಿಕೊಂಡು ಏನು ಮಾಡಿದರು ಗೊತ್ತೇ? ಬಗ್ಗಿ ಚಪ್ಪಲಿ ಬಿಚ್ಚಿದರು. ಬುಟ್ಟಿಯನ್ನು ಬೋರಲು ಹಾಕಿ, ನಮ್ಮವರ ಹೆಗಲು ಹಿಡಿದು ಹತ್ತಿ ನಿಂತೇಬಿಟ್ಟರು. ಒಮ್ಮೆ ಕುಪ್ಪಳಿಸಿದರು ಕೂಡ. ಬುಟ್ಟಿ ಕಿಮಕ್ ಅನ್ನಲಿಲ್ಲ.

ಅವರ ನಗು ಕೇಳಿ ಜನ ಸೇರಿದರು. ಮಧ್ಯಾಹ್ನದ ಹೊತ್ತಿಗೆ ನಮ್ಮ ಮಳಿಗೆ ಮುಂದೆ ಚಪ್ಪಲಿಗಳ ಸಾಲು. ಗಂಡಸರು, ಹೆಂಗಸರು, ಒಬ್ಬ ದಢೂತಿ ವ್ಯಾಪಾರಿ, ಎಲ್ಲರೂ ಸರದಿಯಲ್ಲಿ ಬುಟ್ಟಿ ಹತ್ತುವವರೇ. ನಮ್ಮವರನ್ನು ನಿಲ್ಲಿಸಿಕೊಂಡು ಫೋಟೋ ತೆಗೆಸಿಕೊಂಡವರೆಷ್ಟೋ. ತೀರಿಕೊಂಡ ಮೇಲೆ ಇಷ್ಟು ಮರ್ಯಾದೆ ಸಿಗುತ್ತೆ ಅಂತ ಗೊತ್ತಿದ್ದರೆ ಬೋಲ್ಟು ತರಲು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ ಎಂದು ಈಗ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾರೆ.

ಒಯ್ದ ಬುಟ್ಟಿಗಳು ಒಂದೂ ಉಳಿಯಲಿಲ್ಲ. ಬಂದಿರುವ ಕೆಲಸಕ್ಕೆ ನಲವತ್ತು ಜನರ ಕೈ ಸಾಲದು, ಇನ್ನು ಇಪ್ಪತ್ತು ಜನಕ್ಕೆ ಕಲಿಸಬೇಕು. ನನಗೆ ಕುಣಿಯುವಷ್ಟು ಖುಷಿಯಾಗಿದೆ, ತಂಗಿ.

ಕೊನೆಯಲ್ಲಿ ನಿರ್ದೇಶಕರು ತಾವೇ ಬುಟ್ಟಿ ಹತ್ತಿ ಇಳಿದು, “ಈ ಚೀಟಿ ಬರೆದವರು ಯಾರು?” ಅಂತ ಕೇಳಿದರು. “ಹೇಳಿದವಳು ನಾನು. ಕೇಳಿಸಿಕೊಂಡು ಬರೆದವಳು ನಮ್ಮ ತಂಗಿ. ನೀವು ಪುಸ್ತಕ ಕಿತ್ತುಕೊಂಡ್ರಲ್ಲ, ಅವಳು” ಅಂದೆ.

ಇಂತಿ,
ಬುಟ್ಟಿಯಕ್ಕ


ಅಕ್ಟೋಬರ್ 6

ಅಕ್ಕ,

ನಿಮ್ಮ ಪತ್ರವನ್ನು ಕೆಳಗಿನ ಮುದ್ರಣಾಲಯದವರಿಗೂ ಓದಿ ಹೇಳಿದೆ. ಅವರು ಯಂತ್ರ ನಿಲ್ಲಿಸಿ ಕೇಳಿದರು.

ನಿನ್ನೆ ನಿರ್ದೇಶಕರು ಕರೆಸಿದ್ದರು. ಸಂಸ್ಥೆಯಲ್ಲಿ ನೂರಾ ಮೂವತ್ತು ಗುಂಪುಗಳಿವೆ, ನೂರಾ ಮೂವತ್ತು ಚೀಟಿಗಳಿವೆ. ಅವುಗಳಲ್ಲಿ ಎಷ್ಟು ಜನ ಸುಮ್ಮಸುಮ್ಮನೆ ಸತ್ತಿದ್ದಾರೋ ಯಾರಿಗೂ ಗೊತ್ತಿಲ್ಲ. ಎಲ್ಲವನ್ನೂ ಹೊಸದಾಗಿ ಬರೆಯುವ ಕೆಲಸ ನನ್ನದು. ನಾನು ಒಂದೇ ಷರತ್ತು ಹಾಕಿದೆ. ಬರೆದದ್ದನ್ನು ತಯಾರಿಸಿದವರ ಎದುರು ಕೂತು, ಅವರ ಭಾಷೆಯಲ್ಲೇ ಗಟ್ಟಿಯಾಗಿ ಓದಬೇಕು. ಅವರು ಹೂಂ ಅನ್ನುವವರೆಗೆ ಅಚ್ಚಿಗೆ ಹೋಗಬಾರದು. ಮಾರಾಟ ಮುಖ್ಯಸ್ಥರು, “ಒಬ್ಬೊಬ್ಬರ ಹತ್ರ ಹೂಂ ಅನ್ನಿಸ್ಕೊಳ್ಳೋಕೆ ವರ್ಷ ಹಿಡಿಯುತ್ತೆ” ಅಂದರು. ನಿರ್ದೇಶಕರು, “ಹಿಡೀಲಿ” ಎಂದು ಸಹಿ ಹಾಕಿದರು. ಅದನ್ನೇ ನಿಯಮಾವಳಿಗೂ ಸೇರಿಸಿದ್ದಾರೆ.

ಪುಸ್ತಕವೂ ವಾಪಸ್ ಬಂತು. ಮೊದಲ ಪುಟದಲ್ಲಿ ನಿಮ್ಮ ಜನವರಿ ಒಂಬತ್ತರ ಪತ್ರ ಹಾಕಬೇಕೆಂದಿದ್ದೇನೆ. ನೀವು ಹೂಂ ಅಂದರೆ ಮಾತ್ರ.

ಪ್ರಶಸ್ತಿಪತ್ರವನ್ನು ಗೋಡೆಯಿಂದ ಇಳಿಸಿದೆ. ಕಟ್ಟು ಗಟ್ಟಿಮುಟ್ಟಾಗಿತ್ತು, ಎಸೆಯಲು ಮನಸ್ಸಾಗದೆ ಅದರೊಳಗೆ ನಿಮ್ಮ ಹೊಸ ಚೀಟಿ ಕೂರಿಸಿದ್ದೇನೆ. ಯಂತ್ರ ಓಡುವಾಗ ಈಗಲೂ ಟಕಟಕ ಬಡಿಯುತ್ತದೆ. ಬಡಿಯಲಿ ಬಿಡಿ.

ನಿಮ್ಮ ತಂಗಿ


ನವೆಂಬರ್ 2

ತಂಗಿ,

ನನ್ನ ಪತ್ರಕ್ಕೆ ಹೂಂ. ನಮ್ಮವರು ಈಜು ಬರುತ್ತೆ ಅಂದ ಸಾಲನ್ನು ತೆಗೆಯಬಾರದೆಂದು ಅವರ ಬೇಡಿಕೆ.

ನೀನು ಊರೂರು ಸುತ್ತುವಾಗ ಕಾಗದಪತ್ರ ಇಟ್ಟುಕೊಳ್ಳಲು ಒಂದು ಬುಟ್ಟಿ ಹೆಣೆದಿದ್ದೇನೆ. ಮುಚ್ಚಳಕ್ಕೆ ಹೊಸ ಹೆಣಿಗೆ ಹಾಕಿದ್ದೇನೆ, ಇದನ್ನು ಇನ್ನೂ ಯಾರಿಗೂ ತೋರಿಸಿಲ್ಲ. ಹೊಲಿಗೆಯಮ್ಮ ತಾನಾಗಿಯೇ ಕೇಳಿ ಒಳಬಟ್ಟೆ ಹೊಲಿದಿದ್ದಾಳೆ. ಪೆನ್ನಿಗೆಂದು ಒಂದು ಜೇಬು, ಕನ್ನಡಕದ ಡಬ್ಬಿಗೆ ಇನ್ನೊಂದು. ಇನ್ನು ಅದನ್ನು ಕಂಡಲ್ಲಿ ಬಿಟ್ಟು ಬರಬೇಡ.

ಬುಟ್ಟಿ ಕಳಿಸುವುದಷ್ಟೇ ಬಾಕಿ. ಆದರೆ ನಮ್ಮಲ್ಲಿಂದ ಚೀಟಿಯಿಲ್ಲದೆ ಯಾವ ಬುಟ್ಟಿಯೂ ಹೋಗುವುದಿಲ್ಲ. ಈ ಚೀಟಿ ನಿನ್ನದು. ಮೂವರೂ ಕೂತು ಹೇಳಿದೆವು, ಅಕ್ಷರ ನನ್ನದು. ನಿನ್ನ ನಿಯಮದ ಪ್ರಕಾರ ಮೊದಲು ನಿನಗೆ ಓದಿ ಹೇಳಬೇಕು. ಓದುತ್ತಿದ್ದೇನೆ, ಕೇಳು:

“ಈ ಬುಟ್ಟಿಯಲ್ಲಿರುವುದನ್ನು ಬರೆದವಳು ನಮ್ಮ ತಂಗಿ. ಇವಳ ಚಹಾಕ್ಕೆ ಸಕ್ಕರೆ ಬೇಡ. ಒಮ್ಮೆ ಸುಳ್ಳು ಬರೆದಳು, ಬಹುಮಾನ ಬಂತು. ಆಮೇಲೆ ನಿಜ ಬರೆದಳು, ಕೆಲಸ ಹೋಯಿತು. ಆದರೂ ಬರೆಯುವುದು ಬಿಡಲಿಲ್ಲ. ಈಗ ಇವಳು ಬರೆದದ್ದರ ಮೇಲೆ ನಿಂತು ನೋಡಿ, ಏನೂ ಆಗದು.”

ನೀನು ಹೂಂ ಅಂದಮೇಲೆಯೇ ಕಟ್ಟುತ್ತೇವೆ. ಬದಲಿಸಬೇಕಾದ ಪದ ಇದ್ದರೆ ತಿಳಿಸು, ಮತ್ತೆ ಕೂರುತ್ತೇವೆ.

ಇಂತಿ,
ಬುಟ್ಟಿಯಕ್ಕ, ಹೊಲಿಗೆಯಮ್ಮ ಮತ್ತು ಬದುಕಿರುವ ಯಜಮಾನರು


ನವೆಂಬರ್ 11

ಅಕ್ಕ,

ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಓದಿದೆ. ಎರಡನೆಯ ಸಲ ಕೊನೆಯ ಸಾಲಿಗೆ ಬಂದಾಗ ನಿಲ್ಲಿಸಿ ಕನ್ನಡಕ ಒರೆಸಿಕೊಂಡೆ. ಆಮೇಲೆ ಮೂರನೆಯ ಸಲ ಓದಿದೆ.

ಒಂದು ಪದವನ್ನೂ ಮುಟ್ಟಬೇಡಿ.

ಹೂಂ. ಕಟ್ಟಿ.

ನಿಮ್ಮ ತಂಗಿ